ಎಡಗಡೆಯದೋ, ಬಲಗಡೆಯದೋ

ಗೋಡೆಯ ಮೇಲೆ ಎರಡು ಚೌಕಗಳಿದ್ದವು, ಎರಡೂ ಒಂದೇ ಬಣ್ಣದವು. ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತವನಿಗೆ ಮೊದಲು ನಗು ಬಂತು. ಬೆಳ್ಳಂಬೆಳಗ್ಗೆ ಹೆಂಡತಿಗೆ ತಮಾಷೆ ಮಾಡುವ ಹುಕ್ಕಿ ಬಂದಿದೆ ಎಂದುಕೊಂಡ. ಆದರೆ ಅವಳ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೂದಲಿಗೆ ಹಳೆ ಬಟ್ಟೆ ಸುತ್ತಿಕೊಂಡು, ಅಂಗಡಿಯಿಂದ ತಂದ ಎರಡು ಸಣ್ಣ ಡಬ್ಬಿಗಳನ್ನು ಬಿಚ್ಚಿ, ಕಿಟಕಿಯ ಎದುರಿನ ಗೋಡೆಗೆ ಅಕ್ಕಪಕ್ಕದಲ್ಲಿ ಬಳಿದು ನಿಂತಿದ್ದಳು. ಮೊಣಕೈವರೆಗೆ ಚುಕ್ಕೆ ಸಿಡಿದಿತ್ತು. ಆ ಚುಕ್ಕೆಗಳೂ ಅವನಿಗೆ ಒಂದೇ ಬಣ್ಣದವಾಗಿ ಕಂಡವು.

"ಹೇಳ್ರೀ, ಯಾವ್ದು? ಎಡಗಡೇದಾ, ಬಲಗಡೇದಾ?"

"ಇರು, ನೋಡೋಣ."

"ನೋಡೋಕೇನಿದೆ ಅದ್ರಲ್ಲಿ? ಒಂದು ಇಟ್ಟಿಗೆ, ಒಂದು ಪಾಚಿ. ಒಂದಕ್ಕೊಂದು ಎಣ್ಣೆ ಸೀಗೇಕಾಯಿ. ಬಣ್ಣದೋರು ನಾಳೆ ಬೆಳಗ್ಗೆ ಬಂದು ನಿಂತ್ಕೋತಾರೆ, ಆಮೇಲೆ ನನ್ನನ್ನ ಕೇಳ್ಬೇಡಿ."

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗೋಡೆಗೆ ಹತ್ತಿರ ಹೋದ. ಕುಂಚದ ಗೆರೆಗಳು ಕಂಡವು, ಬಲಗಡೆಯ ಚೌಕದ ಕೆಳಗೆ ಇಳಿದ ಒಂದು ಹನಿ ಕಂಡಿತು, ಹಳೆಯ ಸುಣ್ಣದ ಬಿರುಕು ಎರಡು ಚೌಕಗಳ ನಡುವೆ ಹಾದುಹೋಗಿದ್ದೂ ಕಂಡಿತು. ಬಣ್ಣ ಮಾತ್ರ ಒಂದೇ. ಕಂದು ಎನ್ನಲಾಗದ, ಬೂದಿ ಎನ್ನಲೂ ಆಗದ, ಒಣಗಿದ ಕೆಸರಿನಂಥದ್ದೇನೋ. ತಲೆ ಓರೆ ಮಾಡಿದ, ಒಂದು ಕಣ್ಣು ಮುಚ್ಚಿದ, ಇನ್ನೊಂದು ಮುಚ್ಚಿದ, ಹಿಂದಕ್ಕೆ ಸರಿದ. ತಜ್ಞನೊಬ್ಬ ಯೋಚಿಸುವಾಗ ಹೀಗೆಲ್ಲ ಮಾಡುತ್ತಾನೆಂದು ಅವಳು ತಿಳಿಯಲಿ ಎಂಬ ಆಸೆಯಿಂದ ಗಲ್ಲವನ್ನೂ ಕೆರೆದುಕೊಂಡ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಕಾರುಗಳ ಬಣ್ಣ ಹೊಂದಿಸುವುದೇ ಅವನ ಕೆಲಸ. ಗುದ್ದಿಸಿಕೊಂಡು ಬಂದ ಕಾರಿನ ಒಂದು ಬಾಗಿಲಿಗೆ ಬಣ್ಣ ಹೊಡೆದರೆ ಉಳಿದ ಮೂರು ಬಾಗಿಲಿಗೆ ಅದು ಹೊಸದೆಂದು ಗೊತ್ತಾಗಬಾರದು, ಅಂಥ ಕೆಲಸ. ಗ್ಯಾರೇಜಿನಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕಣ್ಣಣ್ಣ ಎನ್ನುತ್ತಿದ್ದರು.

"ಸಂಜೆ ಬೆಳಕಲ್ಲಿ ನೋಡಿ ಹೇಳ್ತೀನಿ," ಎಂದ. "ಬಣ್ಣ ಅನ್ನೋದು ಬೆಳಗ್ಗೆ ಒಂಥರ, ಸಂಜೆ ಒಂಥರ. ಅವಸರ ಮಾಡ್ಬಾರ್ದು."

ಮಾತೇನೋ ನಿಜವೇ. ಆದರೆ ಹೇಳಿದ ರೀತಿ ತನಗೇ ಕಳ್ಳನದ್ದಾಗಿ ಕೇಳಿಸಿತು. ಅವಳು ಕುಂಚವನ್ನು ನೀರಿನ ಡಬ್ಬಿಯಲ್ಲಿ ಅದ್ದಿ ಅಲ್ಲಾಡಿಸುತ್ತಾ ಅವನ ಕಡೆ ನೋಡಿದಳು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಒಳಗೆ ಹೋಗಿ ಅವನ ಮಾತ್ರೆಗಳನ್ನೂ ನೀರನ್ನೂ ತಂದು ಕೊಟ್ಟಳು.

ಅಂಗೈಯಲ್ಲಿ ಮಾತ್ರೆಗಳು ಕೂತಿದ್ದವು. ಇದೇ ಕೋಣೆಯಲ್ಲಿ ಅವನು ಕೆಮ್ಮುತ್ತಾ ಮಲಗಿದ್ದು, ಇದೇ ಬಾಗಿಲ ಹೊರಗೆ ಅವಳು ಊಟದ ತಟ್ಟೆ ಇಟ್ಟು ದೂರ ಸರಿದು ನಿಲ್ಲುತ್ತಿದ್ದುದು. ಕ್ಷಯ ಎಂದು ಗೊತ್ತಾದ ದಿನವೇ ಮಗಳನ್ನು ಅವಳ ದೊಡ್ಡಮ್ಮನ ಮನೆಗೆ ಕಳಿಸಿದ್ದರು. ಈಗ ಇವನಿಂದ ಯಾರಿಗೂ ಅಂಟುವುದಿಲ್ಲ, ಇನ್ನು ಸ್ವಲ್ಪ ಕಾಲ ಮಾತ್ರೆ ನುಂಗಿ ಮುಗಿಸಿದರಾಯಿತು ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಭಾನುವಾರ ಮಗಳು ಬರುವುದೆಂದು ನಿಶ್ಚಯವಾಗಿತ್ತು. ಕೋಣೆ ಅವಳದಾಗಬೇಕು, ರೋಗದ ಗೋಡೆ ಕಾಣಬಾರದು, ಅದಕ್ಕೇ ಈ ಬಣ್ಣದ ಗಲಾಟೆ. ಮಾತ್ರೆ ಬರೆದುಕೊಟ್ಟ ದಿನ ಡಾಕ್ಟರು ಒಂದನ್ನು ಬೆರಳಲ್ಲಿ ತಟ್ಟಿ ತೋರಿಸಿ ಹೇಳಿದ್ದರು: ಇದೊಂದು ಕೆಲವರಿಗೆ ಕಣ್ಣಿನ ನರ ಹಿಡಿಯುತ್ತೆ, ಬಣ್ಣ ಮಂಕಾಗಿ ಕಂಡ್ರೆ ಆ ದಿನವೇ ಓಡಿ ಬನ್ನಿ, ಬೇರೆ ಕೊಡ್ತೀವಿ, ತಡ ಮಾಡಿದ್ರೆ ಹೋದ ದೃಷ್ಟಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ. ಅವನು ನಕ್ಕಿದ್ದ. ಬಣ್ಣ ನೋಡೋದೇ ನನ್ನ ಹೊಟ್ಟೆಪಾಡು ಡಾಕ್ಟ್ರೇ, ಗೊತ್ತಾಗೋದಿದ್ರೆ ಜಗತ್ತಲ್ಲಿ ಮೊದಲು ನಂಗೇ ಗೊತ್ತಾಗುತ್ತೆ ಎಂದಿದ್ದ. ಡಾಕ್ಟರೂ ನಕ್ಕಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾತ್ರ ನಕ್ಕಿರಲಿಲ್ಲ. ಈಗ ಅವಳು ಎದುರಿಗೆ ನಿಂತಿದ್ದಳು. ನುಂಗದಿದ್ದರೆ ಯಾಕೆ ಎಂದು ಕೇಳುತ್ತಾಳೆ. ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದುಬಿಟ್ಟ. ಗಂಟಲಲ್ಲಿ ಇಳಿದದ್ದು ಮಾತ್ರೆಯೋ ತನ್ನ ಕಣ್ಣೋ ಎನಿಸಿತು.

ಬೀದಿಯಲ್ಲಿ ನಡೆಯುವಾಗ ತನಗೆ ತಾನೇ ಸಮಾಧಾನ ಹೇಳಿಕೊಂಡ. ನೀಲಿ ಕಾಣುತ್ತದೆ. ಆಕಾಶ ಇದೆ, ಅಂಗಡಿಯ ಪರದೆ ಇದೆ, ಎರಡೂ ನೀಲಿಯೇ, ಸರಿಯಾಗೇ ಇದೆ. ಹಳದಿ ಕಾಣುತ್ತದೆ. ಮತ್ತೆ ಕಾಣದಿರುವುದು ಯಾವುದು? ಕಾಣದಿರುವುದನ್ನು ಹುಡುಕುವುದಾದರೂ ಹೇಗೆ, ಅದು ಇದ್ದ ಜಾಗದಲ್ಲಿ ಇನ್ನೇನೋ ಬಂದು ಕೂತುಬಿಟ್ಟಿರುವಾಗ? ಹೋದ ತಿಂಗಳು ತಂದ ಟೊಮೆಟೊ ನೆನಪಾಯಿತು. ಚೀಲ ಬಗ್ಗಿಸಿದ ಹೆಂಡತಿ, "ಇದೇನ್ರೀ, ಎಲ್ಲಾ ಕಾಯಿನೇ ಆರಿಸ್ಕೊಂಡು ಬಂದಿದ್ದೀರಾ?" ಎಂದು ಕೇಳಿದ್ದಳು. ಅಂಗಡಿಯವನು ಟೋಪಿ ಹಾಕಿದ ಎಂದು ಅವನು ಅಂಗಡಿಯವನ ಮೇಲೆ ಹಾರಾಡಿದ್ದ. ಅವಳು ಅವುಗಳನ್ನು ಕಿಟಕಿಯಲ್ಲಿ ಸಾಲಾಗಿ ಹಣ್ಣಿಗಿಟ್ಟಿದ್ದಳು. ಹಣ್ಣಾದದ್ದು ಯಾವಾಗ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ರಸ್ತೆ ದಾಟುವಲ್ಲಿ ಸಿಗ್ನಲ್ ದೀಪದ ಕಂಬದ ಕೆಳಗೆ ನಿಂತು ಮೇಲಿನ ದೀಪವೋ ಕೆಳಗಿನ ದೀಪವೋ ಎಂದು ಲೆಕ್ಕ ಹಾಕುತ್ತಿದ್ದಾಗ, ಇದನ್ನೂ ತಾನು ಎಷ್ಟೋ ದಿನದಿಂದ ಹೀಗೇ ಮಾಡುತ್ತಿದ್ದೇನೆ ಎಂಬುದು ಹೊಳೆಯಿತು. ಜನ ದಾಟಿದರು. ಅವರ ಬೆನ್ನು ಹಿಡಿದು ಅವನೂ ದಾಟಿದ.

ಗ್ಯಾರೇಜಿನಲ್ಲಿ ಯಜಮಾನರು ಒಳ್ಳೆಯ ಉಮೇದಿನಲ್ಲಿದ್ದರು. "ಬಾರಪ್ಪಾ ಕಣ್ಣಣ್ಣ, ಕಾಯಿಲೆ ಬಿದ್ದು ಎದ್ದ ಮೇಲೆ ನಿನ್ನ ಕೈ ಚುರುಕಾಗಿದೆ ನೋಡು. ಮುಂಚೆ ಒಂದು ಬಾಗಿಲಿಗೆ ಇಡೀ ಬೆಳಗ್ಗೆ ಕೂರ್ತಿದ್ದೆ. ಈಗ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಸ್ತೀಯ. ಇನ್ನೂ ಎರಡು ದಿನ ಬೇಕಾದ್ರೆ ಕೆಮ್ಮು, ಪರವಾಗಿಲ್ಲ!" ಎಂದು ಬೆನ್ನು ಚಪ್ಪರಿಸಿದರು. ಅವನೂ ಹಲ್ಲು ಕಿರಿದ. ಈ ಹೊಗಳಿಕೆಗೆ ಅವನು ಕೆಲವು ವಾರಗಳಿಂದ ಉಬ್ಬುತ್ತಲೇ ಇದ್ದ. ಇವತ್ತು ಮಾತ್ರ ಉಬ್ಬಲಾಗಲಿಲ್ಲ. ಬಣ್ಣ ಹೊಂದಿಸುವ ರೀತಿ ಇಷ್ಟೇ: ಕಲಸಿದ ಬಣ್ಣವನ್ನು ಒಂದು ತಗಡಿನ ಚೂರಿನ ಮೇಲೆ ಹೊಡೆದು ಒಣಗಿಸಿ, ಬಿಸಿಲಿಗೆ ಒಯ್ದು ಕಾರಿನ ಮೈಗೆ ಆನಿಸಿ ಹಿಡಿಯಬೇಕು. ತಗಡಿನ ಅಂಚು ಕಣ್ಣಿಗೆ ಕಂಡರೆ ಬಣ್ಣ ಕೂಡಿಲ್ಲ. ಮತ್ತೆ ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ, ಮತ್ತೆ ಹೊಡೆ, ಮತ್ತೆ ಹಿಡಿ. ಕೊನೆಗೊಮ್ಮೆ ಆ ಅಂಚು ಕಾರಿನ ಮೈಯಲ್ಲಿ ಕರಗಿಹೋಗುತ್ತದೆ. ಆ ಒಂದು ಗಳಿಗೆಗಾಗಿಯೇ ಅವನು ಇಷ್ಟು ವರ್ಷ ಥಿನ್ನರ್ ವಾಸನೆ ಕುಡಿದು ಮೂಗಿನ ಶಕ್ತಿ ಕಳೆದುಕೊಂಡಿದ್ದು. ಈಗ ಕೆಲವು ವಾರಗಳಿಂದ ಅಂಚು ಮೊದಲ ಸಲಕ್ಕೇ ಕರಗುತ್ತಿತ್ತು. ಅದು ಕೈಯ ಪಳಗಿದ ಗುಣ ಎಂದುಕೊಂಡಿದ್ದನಲ್ಲ, ಎಂಥ ಮಂಕು ಕವಿದಿತ್ತು ತನಗೆ! ಇದೇ ಯೋಚನೆಯಲ್ಲಿ ಅವನು ಬಣ್ಣದ ಡಬ್ಬಿಗಳ ಕಪಾಟಿನ ಮುಂದೆ ಎಷ್ಟೋ ಹೊತ್ತು ನಿಂತ. ಚೀಟಿಯ ಮೇಲಿನ ಅಕ್ಷರಗಳೂ ನಡುವಿನಲ್ಲಿ ಉಜ್ಜಿದ ಹಾಗೆ ಮಸುಕಾಗಿದ್ದವು.

ಅವತ್ತಿನ ಕೆಲಸ ಒಂದು ಕಡುಗೆಂಪು ಕಾರಿನ ಮುಂಭಾಗದ್ದು. ಕಡುಗೆಂಪು ಎಂದು ಚೀಟಿ ಹೇಳುತ್ತಿತ್ತು. ಪುಸ್ತಕದಲ್ಲಿದ್ದ ಅಳತೆಯಂತೆ ಕಲಸಿ, ತಗಡಿಗೆ ಹೊಡೆದು, ಹೊರಗೆ ಒಯ್ದು ಹಿಡಿದ. ಅಂಚು ಕರಗಿತು. ಅವನಿಗೆ ಭಯವಾಯಿತು. ಬೇಕೆಂದೇ ಒಂದು ಚಮಚ ಹಸಿರು ಸುರಿದು ಕಲಸಿ, ಇನ್ನೊಂದು ತಗಡಿಗೆ ಹೊಡೆದು ಹಿಡಿದ. ಅದೂ ಕರಗಿತು. ಪಕ್ಕದಲ್ಲಿ ಸುತ್ತಿಗೆ ಹಿಡಿದು ಬಾನೆಟ್ಟಿನ ತಗ್ಗು ತೆಗೆಯುತ್ತಿದ್ದ ಟಿಂಕರಿಂಗಿನವನನ್ನು ಕರೆದು, ಮಾತನ್ನು ಆದಷ್ಟು ಹಗುರ ಮಾಡಿಕೊಂಡು ಕೇಳಿದ.

"ಸುಮ್ನೆ ನೋಡಿ ಹೇಳು, ಹೇಗಿದೆ?"

ಟಿಂಕರಿಂಗಿನವನು ತಗಡನ್ನು ನೋಡಿದ, ಕಾರನ್ನು ನೋಡಿದ, ಅವನ ಮುಖವನ್ನು ನೋಡಿದ. "ಏನ್ ಕಣ್ಣಣ್ಣ, ನನ್ನನ್ನ ಪರೀಕ್ಷೆ ಮಾಡ್ತಿದ್ದೀಯಾ? ಇದು ಕೊಳೆತ ಎಲೆ ಇದ್ದ ಹಾಗಿದೆ. ಕಾರಿಗೂ ಇದಕ್ಕೂ ಯಾವ ಜನ್ಮದ ಸಂಬಂಧ?"

"ಅದೇ, ನಿನಗೆ ಗೊತ್ತಾಗುತ್ತೋ ಇಲ್ವೋ ಅಂತ ನೋಡಿದೆ."

"ಪಾಸಾದ್ನಾ?"

"ಪಾಸು," ಎಂದು ಅವನು ನಕ್ಕ. ಟಿಂಕರಿಂಗಿನವನು ಖುಷಿಯಿಂದ ಸುತ್ತಿಗೆ ಬೀಸುತ್ತಾ ಹೋದ. ಕಣ್ಣಣ್ಣ ಆ ತಗಡನ್ನು ಕಸದ ಡಬ್ಬಿಯ ತಳಕ್ಕೆ ತುರುಕಿ, ಮೊದಲಿನದನ್ನೇ ಅಳತೆ ನೋಡಿ ಮತ್ತೆ ಕಲಸತೊಡಗಿದ. ಹೇಳಿಬಿಡಬೇಕು, ಈಗಲೇ ಆಸ್ಪತ್ರೆಗೆ ಓಡಬೇಕು. ಹೇಳಿದರೆ? ಮಾತ್ರೆ ನಿಲ್ಲಿಸುತ್ತಾರೆ. ಬೇರೆ ಮಾತ್ರೆ ಕೊಡುತ್ತೇವೆ ಎಂದೇನೋ ಡಾಕ್ಟರು ಹೇಳಿದ್ದರು. ಆದರೆ ಅದು ಹಿಡಿಯದೆ ಕೆಮ್ಮು ತಿರುಗಿ ಬಂದರೆ? ಮತ್ತೆ ಆ ಕೋಣೆ, ಬಾಗಿಲ ಹೊರಗಿನ ತಟ್ಟೆ, ಮಗಳು ಮತ್ತೆ ದೊಡ್ಡಮ್ಮನ ಮನೆಯಲ್ಲೇ. ಮತ್ತೆ ಕಣ್ಣಿಲ್ಲದ ಕಣ್ಣಣ್ಣನನ್ನು ಯಾರು ಇಟ್ಟುಕೊಳ್ಳುತ್ತಾರೆ? ಇವೆಲ್ಲ ಕಾರಣಗಳೇ ಹೌದು. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿತ್ತು, ಅದು ಕಾರಣವಲ್ಲ, ಬರೀ ಹೆದರಿಕೆ. ಹೇಳದಿರುವಷ್ಟು ಹೊತ್ತು ಅದು ಇನ್ನೂ ನಿಜವಾಗಿರುವುದಿಲ್ಲ ಎಂಬಂಥ ಹೆದರಿಕೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬರು ವಯಸ್ಸಾದ ಹೆಂಗಸು ಬಂದರು. ಹೋದ ವಾರ ಅವರ ಕಾರಿನ ಹಿಂಬಾಗಿಲಿಗೆ ಅವನೇ ಬಣ್ಣ ಹೊಂದಿಸಿದ್ದ. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ, ತುಂಬಾ ಸಂಕೋಚದಿಂದ, ಬಾಗಿಲು ಬೇರೆ ಯಾರದೋ ಕಾರಿನದ್ದು ಅನ್ನಿಸುತ್ತದೆ ಎಂದರು. ಯಜಮಾನರು ಬಾಗಿಲ ಕಡೆ ಅರ್ಧ ನೋಟವನ್ನೂ ಹಾಕಲಿಲ್ಲ. "ನಮ್ಮ ಕಣ್ಣಣ್ಣ ನೋಡಿ ಹಾಕಿದ್ದು ಅಮ್ಮಾ. ಅವನು ಹಾಕಿದ್ರಲ್ಲಿ ತಪ್ಪು ಹುಡುಕಿದವರು ಇನ್ನೂ ಹುಟ್ಟಿಲ್ಲ. ಒಂದ್ಸಲ ನಿಮ್ಮ ಕಣ್ಣು ತೋರಿಸ್ಕೊಳ್ಳಿ," ಎಂದು ಹೇಳಿ ಅವನನ್ನು ಕೂಗಿದರು. "ಬಾರಪ್ಪಾ, ನೀನೇ ಹೇಳು. ಬೇರೆ ಕಾಣ್ಸುತ್ತಾ?" ಅವನು ಬಾಗಿಲನ್ನು ನೋಡಿದ. ಪಕ್ಕದ ಬಾಗಿಲನ್ನು ನೋಡಿದ. ಬೇರೆ ಕಾಣಿಸುತ್ತಿರಲಿಲ್ಲ. "ಒಂದೇ ಇದೆ ಅಮ್ಮಾ," ಎಂದ. ಅದು ಸುಳ್ಳಾಗಿರಲಿಲ್ಲ, ಅದೇ ಅವನಿಗೆ ಅಸಹ್ಯವಾಯಿತು. ಆ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡು, ಹಾಕಿಕೊಂಡು, ಮತ್ತೆ ನೋಡಿ, "ನನ್ನದೇ ತಪ್ಪಿರ್ಬೇಕು ಬಿಡಿ, ವಯಸ್ಸಾಯ್ತಲ್ಲ," ಎಂದು ಅವನಿಗೇ ಕೈಮುಗಿದರು. ಅವರು ಕಾರನ್ನು ಹಿಂದಕ್ಕೆ ತೆಗೆಯುವಾಗ ಓಡಿಹೋಗಿ ಕಿಟಕಿ ಬಡಿಯಬೇಕೆಂದು ಕಾಲು ತುಡಿಯಿತು. ಕಾಲು ತುಡಿಯಿತೇ ಹೊರತು ನಿಂತ ಜಾಗ ಬಿಡಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವನು ಅಲ್ಲೇ ಇದ್ದ.

ಊಟದ ಡಬ್ಬಿ ಬಿಚ್ಚಿದಾಗ ಮಗಳ ಫೋನು ಬಂತು. ದೊಡ್ಡಮ್ಮನ ಫೋನಿನಿಂದ ಕದ್ದು ಮಾಡುತ್ತಿದ್ದಳು, ಪಿಸುಗುಡುತ್ತಿದ್ದಳು.

"ಅಪ್ಪಾ, ಅಮ್ಮ ಫೋನಲ್ಲಿ ಎರಡೂ ಬಣ್ಣ ಹೇಳಿದ್ಲು, ನನಗೆ ಪಾಚಿ ಬೇಕು. ಅಮ್ಮಂಗೆ ಇಟ್ಟಿಗೆ ಇಷ್ಟ, ನಂಗೊತ್ತು. ನಾನು ಹೇಳ್ದೆ ಅಂತ ಹೇಳ್ಬೇಡ. ನೀನೇ ಆರಿಸಿದ ಹಾಗೆ ಹೇಳು, ಆಯ್ತಾ? ನೀನು ಹೇಳಿದ್ರೆ ಅಮ್ಮ ಏನೂ ಅನ್ನಲ್ಲ. ಬಣ್ಣದ ವಿಷಯದಲ್ಲಿ ನೀನೇ ಅಲ್ವಾ ರಾಜ."

"ಆಯ್ತು ಪುಟ್ಟಿ," ಎಂದ. ಪುಟ್ಟಿ ಇನ್ನೂ ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಗೋಡೆಗಳ ಬಿಳಿಗಳನ್ನು ತೋರಿಸುತ್ತಿದ್ದ. ಇದು ಹಾಲು ಬಿಳಿ, ಇದು ಮೂಳೆ ಬಿಳಿ, ಇದು ಹೊಗೆ ಕುಡಿದ ಬಿಳಿ. ಅವಳು ಅವನ ಕೂದಲು ಹಿಡಿದುಕೊಂಡು, ಇದು ಅಪ್ಪನ ಬನಿಯನ್ ಬಿಳಿ ಎಂದು ಕೂಗುತ್ತಿದ್ದಳು. ಭಾನುವಾರ ಬಂದವಳು ತನ್ನ ಫ್ರಾಕು ಹಿಡಿದು ಇದ್ಯಾವ ಬಣ್ಣ ಹೇಳು ಎಂದರೆ ಏನು ಮಾಡುವುದು? ಆದರೆ ಆ ಕ್ಷಣಕ್ಕೆ ಒಂದು ದಾರಿ ಸಿಕ್ಕಿತ್ತು. ಎಡಬಲದ ಗೊಡವೆಯೇ ಬೇಡ. ಪಾಚಿ ಎಂದು ಹೆಸರು ಹೇಳಿ ಸುಮ್ಮನಾದರೆ ಮುಗಿಯಿತು. ಹೆಂಡತಿ ತೋರಿಸಿ ಎಂದರೆ? ಅದಕ್ಕೂ ಕಣ್ಣು ಬೇಕಿಲ್ಲ, ಬುದ್ಧಿ ಇದ್ದರೆ ಸಾಕು. ಅವಳು ಏನನ್ನು ಮಾಡಿದರೂ ಎಡದಿಂದ ಶುರುಮಾಡುವವಳು, ತಟ್ಟೆ ಜೋಡಿಸಿದರೂ, ಬಟ್ಟೆ ಒಣಹಾಕಿದರೂ. ಬೆಳಗ್ಗೆ ಬಾಯಲ್ಲಿ ಮೊದಲು ಬಂದದ್ದು ಇಟ್ಟಿಗೆ, ಅವಳ ಮನಸ್ಸಲ್ಲಿರುವುದೂ ಅದೇ. ಹಾಗಾದರೆ ಎಡಗಡೆಯದು ಇಟ್ಟಿಗೆ, ಬಲಗಡೆಯದು ಪಾಚಿ. ಇಷ್ಟು ಸರಳ! ಇಡೀ ಮಧ್ಯಾಹ್ನ ಅವನು ಈ ಲೆಕ್ಕವನ್ನು ಜೇಬಿನಲ್ಲಿ ಬೀಗದಕೈ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವವನ ಹಾಗೆ ಮತ್ತೆ ಮತ್ತೆ ಮುಟ್ಟಿಕೊಂಡ.

ಮನೆಗೆ ಬಂದಾಗ ಸಂಜೆಯ ಬೆಳಕು ಕೋಣೆಯೊಳಗೆ ಉದ್ದಕ್ಕೂ ಬಿದ್ದಿತ್ತು. ಹೆಂಡತಿ ಬಾಗಿಲು ತೆಗೆದವಳು ಕೈಕಾಲು ತೊಳೆಯಿರಿ ಎಂದೂ ಹೇಳದೆ ನೇರವಾಗಿ ಅಲ್ಲಿಗೆ ಕರೆದುಕೊಂಡು ಹೋದಳು. ಅವಳ ಕಣ್ಣು ಊದಿಕೊಂಡ ಹಾಗಿತ್ತು, ಈರುಳ್ಳಿ ಹೆಚ್ಚಿರಬೇಕು ಎಂದುಕೊಂಡ. ಕಿಟಕಿ ಪೂರ್ತಿ ತೆರೆದಿತ್ತು. ಗೋಡೆಯ ಮೇಲೆ ಎರಡು ಚೌಕಗಳು ಬೆಳಗ್ಗೆ ಇದ್ದ ಹಾಗೆಯೇ ಕೂತಿದ್ದವು. ಸಂಜೆಯ ಬೆಳಕಲ್ಲಾದರೂ ಒಂದಿಷ್ಟು ಬೇರೆಯಾಗಿ ಕಂಡಾವೇ ಎಂದು ಅವನು ಕಣ್ಣಗಲಿಸಿ ನೋಡಿದ. ಇಲ್ಲ.

"ಈಗ ಹೇಳಿ," ಎಂದಳು.

"ಪಾಚಿ," ಎಂದ ಅವನು. "ಪುಟ್ಟಿ ರೂಮಿಗೆ ಅದೇ ಒಳ್ಳೇದು."

"ತೋರಿಸಿ."

"ತೋರಿಸೋದೇನು, ಗೊತ್ತಿಲ್ವಾ ನಿನಗೆ?"

"ನನಗೆ ಗೊತ್ತು. ನೀವು ತೋರಿಸಿ."

ಅವನು ಬಲಗಡೆಗೆ ಕೈ ಮಾಡಿದ. ಕೈ ಮಾಡಿದ ಮೇಲೆ ಧೈರ್ಯ ಬಂತು, ಬಾಯಿ ತಾನಾಗಿ ಓಡತೊಡಗಿತು. "ನೋಡು, ಇದು ಎಷ್ಟು ತಣ್ಣಗಿದೆ. ಕಣ್ಣಿಗೆ ಹಾಯಾಗಿರುತ್ತೆ, ಓದ್ಕೊಳ್ಳೋ ಮಗು. ಪಕ್ಕದ್ದು ನೋಡು, ಇಟ್ಟಿಗೆ, ಮೈಮೇಲೆ ಬಿದ್ದ ಹಾಗಿದೆ. ಬೆಳಗ್ಗೆ ನನಗೆ ಸ್ವಲ್ಪ ಅನುಮಾನ ಇತ್ತು. ಈ ಬೆಳಕಲ್ಲಿ ನೋಡಿದ್ರೆ ಎರಡೂ ಎಷ್ಟು ದೂರ ದೂರ ನಿಂತಿವೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ..." ತನ್ನ ದನಿ ತನಗೇ ಇಂಪಾಗಿ ಕೇಳುತ್ತಿತ್ತು. ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿರುವುದನ್ನು ಅವನು ಗಮನಿಸಿದ್ದು ಆಮೇಲೆ.

"ಅಲ್ಲಿ ಪಾಚಿನೇ ಇಲ್ಲ ರೀ," ಎಂದಳು. "ಬೆಳಗ್ಗೆ ಇತ್ತು, ಬಲಗಡೇನೇ ಇತ್ತು. ನೀವು ಬರೋ ಮುಂಚೆ ಅದರ ಮೇಲೆ ನಾನೇ ಇಟ್ಟಿಗೆ ಬಳಿದೆ. ಎರಡೂ ಈಗ ಒಂದೇ."

ಅವನಿಗೆ ಮೊದಲು ಬಂದದ್ದು ಕೋಪ. ಸುಳ್ಳು ಹೇಳುತ್ತಿದ್ದಾಳೆ ಎನಿಸಿತು. ಮುಂದೆ ನುಗ್ಗಿ ಬಲಗಡೆಯ ಚೌಕದ ಮೇಲೆ ಬೆರಳೊತ್ತಿದ. ಹಸಿ. ಬೆರಳು ಜಾರಿತು. ಎಡಗಡೆಯದನ್ನು ಮುಟ್ಟಿದ, ಅದು ಒಣಗಿತ್ತು. ಕಿಟಕಿ ತೆರೆದಿದ್ದುದು ಯಾಕೆಂದು ಈಗ ತಿಳಿಯಿತು. ಮೂಗಿದ್ದ ಯಾರಿಗಾದರೂ ಹಸಿ ಬಣ್ಣದ ವಾಸನೆ ಬಾಗಿಲಲ್ಲೇ ತಿಳಿಯುತ್ತಿತ್ತು. ಬೆರಳ ತುದಿಯಲ್ಲಿ ಅಂಟಿಕೊಂಡಿದ್ದನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಅದಕ್ಕೆ ಹೆಸರಿರಲಿಲ್ಲ. ಹಾಗೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ.

"ನಿನಗೆ ಯಾವಾಗಿಂದ ಗೊತ್ತಿತ್ತು?"

"ಗೊತ್ತೆಲ್ಲಿತ್ತು? ಭಯ ಇತ್ತು." ಅವಳು ಎದುರಿಗೆ ಕೂತಳು. "ಬಳಿಯುವಾಗ ಕೈ ಬರ್ತಾ ಇರ್ಲಿಲ್ಲ ನಂಗೆ. ಬರ್ಲಿ, ಬಂದವರೇ ರೇಗಾಡ್ಲಿ ಅಂತ ಹಾರೈಸ್ತಾ ಇದ್ದೆ. ಏನೇ ಇದು, ತಲೆ ಕೆಟ್ಟಿದೆಯಾ ನಿನಗೆ, ಎರಡೂ ಕಡೆ ಒಂದನ್ನೇ ಬಳಿದಿದ್ದೀಯಲ್ಲ ಅಂತ ನೀವು ಬೈದಿದ್ರೆ, ನಾನೀಗ ಕುಣಿದಾಡ್ತಿದ್ದೆ."

ಅವಳು ಅತ್ತಳು. ಅವನಿಗೆ ಅಳು ಬರಲಿಲ್ಲ. ಬೆಳಗ್ಗೆ ಕಂಡದ್ದೂ ಇದೇ, ಈಗ ಕಂಡದ್ದೂ ಇದೇ. ಎರಡೂ ಒಂದೇ ಎಂದು ಬೆಳಗ್ಗೆ ಬಾಯಿಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿರುತ್ತಿದ್ದ. ಈಗ ಹೇಳಿದ್ದರೆ ಅದು ಸತ್ಯವೂ ಆಗುತ್ತಿತ್ತು. ಎರಡು ಸಲವೂ ಕಂಡದ್ದನ್ನು ಬಿಟ್ಟು ಬೇರೇನನ್ನೋ ಹೇಳಿದ್ದ. ಅದನ್ನು ಹೇಳುವುದು ಇಷ್ಟು ಕಷ್ಟವಾದದ್ದು ಯಾಕೆ? ಎಂಜಲು ನುಂಗಿಕೊಂಡು ಪ್ರಯತ್ನ ಮಾಡಿದ.

"ಎರಡೂ ಒಂದೇ ಥರ ಕಾಣ್ತವೆ ಕಣೇ."

"ಬೆಳಗ್ಗೆಯಿಂದಾನಾ?"

"ಇಲ್ಲ. ತುಂಬಾ ದಿನ ಆಯ್ತು."

ಹೇಳಿದ ಕೂಡಲೇ ಅವನು ಹೆದರಿದ್ದ ಹಾಗೇ ಆಯಿತು, ಅದು ನಿಜವಾಗಿ ಕೋಣೆಯೊಳಗೆ ಬಂದು ನಿಂತಿತು. ಅವಳು ಎದ್ದು ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಮಾತ್ರೆಯ ಪೊಟ್ಟಣಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದಳು, ಆಸ್ಪತ್ರೆಯ ಚೀಟಿಯನ್ನು ಹುಡುಕಿ ತಂದಳು, ಬಟ್ಟೆಯ ಚೂರಿನಿಂದ ಅವನ ಬೆರಳನ್ನು ಗಟ್ಟಿಯಾಗಿ ಉಜ್ಜಿದಳು.

"ಏಳಿ. ಡಾಕ್ಟ್ರು ಎದ್ದು ಹೋಗೋದ್ರೊಳಗೆ ಸೇರ್ಕೋಬೇಕು."

"ವಾಪಸ್ ಬರುತ್ತಾ?" ಎಂದು ಕೇಳಿದ. ಹಾಗೆ ಕೇಳುವಾಗ ಅವಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದ. "ಬರುತ್ತೆ ಅಲ್ವಾ?"

ಅವಳು ಏನಾದರೂ ಸಮಾಧಾನ ಹೇಳಬಹುದಿತ್ತು. ಹೇಳಲೆಂದು ಬಾಯಿ ತೆರೆದದ್ದೂ ಅವನಿಗೆ ಕಂಡಿತು.

"ನನಗೆ ಗೊತ್ತಿಲ್ಲ ರೀ," ಎಂದಳು, ಮತ್ತು ಅವನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು.